ಬಿಗಿದ ಅಚ್ಚು, ದಪ್ಪಗಾದ ಹೆಂಡತಿ

ನನ್ನಲ್ಲೊಂದು ಕೆಟ್ಟ ಚಾಳಿಯಿದೆ. ತರಗತಿಯಲ್ಲಿ ಪಾಠ ಮಾಡಿದ್ದು ನಿಜವೇ ಎಂದು ಮನೆಗೆ ಬಂದು ಏನಾದರೊಂದನ್ನು ಬಿಚ್ಚಿ ನೋಡುತ್ತೇನೆ. ತೊಂಬತ್ತರ ದಶಕದಲ್ಲಿ ತಿ. ನರಸೀಪುರದಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದಾಗ, ಗಾಲಿ ಮತ್ತು ಅಚ್ಚಿನ ಪಾಠ ಮುಗಿಸಿ ಬಂದವನು ಸೀದಾ ನನ್ನ ಸೈಕಲ್ಲಿನ ಹಿಂದಿನ ಚಕ್ರಕ್ಕೇ ಕೈ ಹಾಕಿದೆ. ನಮ್ಮೂರು ಕಳಲೆಯಲ್ಲಿ ಅಪ್ಪ ಎತ್ತಿನ ಗಾಡಿ ಕಟ್ಟುವ ಮುಂಚೆ ಚಕ್ರ ಸರಿಸಿ ಅಚ್ಚಿಗೆ ಕೀಲೆಣ್ಣೆ ಬಳಿಯುತ್ತಿದ್ದುದನ್ನು ನೋಡಿ ಬೆಳೆದವನು ನಾನು. ಸೈಕಲ್ ಯಾವ ಲೆಕ್ಕ? ಗಾಡಿಯಂತೆ ಇಲ್ಲೂ ಅಚ್ಚು ಅಲುಗದೆ ನಿಂತಿರುತ್ತದೆ, ಚಕ್ರ ಅದರ ಸುತ್ತ ತಿರುಗುತ್ತದೆ. ನಡುವೆ ಸಣ್ಣ ಉಕ್ಕಿನ ಗುಂಡುಗಳು. ಗ್ರೀಸ್ ಹಚ್ಚಿ, ಗುಂಡುಗಳನ್ನು ಕೂರಿಸಿ, ಅವು ಉದುರದಿರಲೆಂದು ಅವನ್ನು ಒತ್ತಿ ಹಿಡಿಯುವ ಕೋನ್ ಎಂಬ ತಿರುಪನ್ನು ಎರಡೂ ಕಡೆ ಬಲವಾಗಿ ಬಿಗಿದೆ. ಭೇಷ್ ಎಂದು ನನಗೆ ನಾನೇ ಹೇಳಿಕೊಂಡೆ.

ಮಾರನೆಯ ಬೆಳಿಗ್ಗೆ ಎಂದಿನಂತೆ ಹೆಂಡತಿ ಗಿರಿಜೆಯನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಬಸ್ ಸ್ಟ್ಯಾಂಡಿಗೆ ಹೊರಟೆ. ಅವಳಿಗೆ ನಂಜನಗೂಡಿನ ಕಚೇರಿಯೊಂದರಲ್ಲಿ ಕೆಲಸ. ಎಷ್ಟು ತುಳಿದರೂ ಸೈಕಲ್ ಮುಂದಕ್ಕೆ ಹೋಗದು. ಏದುಸಿರು ಬಿಡುತ್ತಾ, “ಯಾಕೋ ನೀನು ಸ್ವಲ್ಪ ದಪ್ಪ ಆಗಿದೀಯ ಕಣೇ” ಎಂದೆ. ಅವತ್ತಿನಿಂದ ಅವಳು ರಾತ್ರಿ ಊಟ ಬಿಟ್ಟಳು. ಒಂದು ಲೋಟ ಮಜ್ಜಿಗೆ, ಅಷ್ಟೇ.

ನಾಲ್ಕನೆಯ ದಿನ ರಿಪೇರಿಗೆ ಒಯ್ದಾಗ ಸೈಕಲ್ ಶಾಪಿನ ಮಾದಪ್ಪ ಹಿಂದಿನ ಚಕ್ರ ಎತ್ತಿ ತಿರುಗಿಸಿದ. ಅರ್ಧ ಸುತ್ತಿಗೇ ನಿಂತಿತು.

“ಯಾವನ್ ಸಾ ಇಂಗ್ ಟೈಟ್ ಮಾಡ್ದೋನು? ಕೋನು ಗುಂಡ್ನ ಇಡ್ಕಂಡ್ಬುಟ್ಟದೆ. ತಿರುಗಾಕೆ ಒಸಿ ಜಾಗ ಬುಡ್ಬೇಕಲ್ವಾ?”

“ಯಾರೋ, ಗೊತ್ತಿಲ್ಲಪ್ಪ” ಎಂದೆ. ಅವನು ಕೋನನ್ನು ಒಂಚೂರು ಸಡಿಲಿಸಿದ. ಚಕ್ರ ತಿರುಗುತ್ತಲೇ ಇತ್ತು. ನನಗೆ ನಾಚಿಕೆಯಾಯಿತು. ಮನೆಗೆ ಹೋಗಿ ಹೇಳಿಬಿಡಬೇಕು ಅಂದುಕೊಂಡೆ, ಬಾಯಿ ಬರಲಿಲ್ಲ.

ಮರುದಿನ ಸೈಕಲ್ ಸರಾಗವಾಗಿ ಹೊರಟಿತು. ಹಿಂದಿನಿಂದ ಗಿರಿಜೆ ಖುಷಿಯಾಗಿ, “ನೋಡಿದ್ರಾ, ನಾಲ್ಕೇ ದಿನಕ್ಕೆ ಹೆಂಗೆ ಇಳಿದೆ!” ಎಂದಳು. ಪಾಪ ಅನ್ನಿಸಿತು. ಆದರೂ “ಹೌದು ಕಣೇ” ಎಂದುಬಿಟ್ಟೆ.

ಬಸ್ ಸ್ಟ್ಯಾಂಡಿನ ಎದುರು ಅಂಗಡಿ ಬಾಗಿಲು ತೆಗೆಯುತ್ತಿದ್ದ ಮಾದಪ್ಪ ಕೂಗಿದ: “ಸಾ, ಈಗ ಅಗುರ್ವಾಗ್ ಓಯ್ತದಾ? ಅಕ್ಕೋ, ಇಷ್ಟು ದಿನ ಮೇಷ್ಟ್ರು ಬ್ರೇಕ್ ಇಡ್ಕಂಡಂಗೇ ತುಳ್ದವ್ರೆ ಕಣ್ರವ್ವ. ಯಾವನೋ ಅಚ್ಚು ಬಿಗಿದ್ಬುಟ್ಟಿದ್ದ!”

ಆ ಯಾವನೋ ಸ್ಪ್ಯಾನರ್ ಹಿಡಿದು ಮನೆ ಮುಂದೆ ಕೂತಿದ್ದನ್ನು ಗಿರಿಜೆ ಕಣ್ಣಾರೆ ಕಂಡಿದ್ದಳು. ನನ್ನನ್ನೊಮ್ಮೆ ನೋಡಿ ಬಸ್ ಹತ್ತಿದಳು.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಅವಳ ತಟ್ಟೆಯಲ್ಲಿ ಎರಡು ಮುದ್ದೆ, ಬಿಸಿಬಿಸಿ ಬಸ್ಸಾರು. ನನ್ನ ಮುಂದೆ ಒಂದು ಲೋಟ ಮಜ್ಜಿಗೆ.

“ನಾಳೆಯಿಂದ ನಾನು ತುಳೀತೀನಿ, ನೀವು ಹಿಂದೆ ಕೂತ್ಕೊಳಿ” ಎಂದಳು. “ಅದಕ್ಕೇ ಈಗ್ಲಿಂದ್ಲೇ ಸ್ವಲ್ಪ ಇಳೀರಿ.”

ಮಜ್ಜಿಗೆಗೆ ಉಪ್ಪು ಹದವಾಗಿದೆ ಎಂದು ಹೊಗಳಿದೆ. ವಿಜ್ಞಾನದ ಮಾತೆತ್ತಲಿಲ್ಲ.