ಹತ್ತಿಮತ್ತೂರಿನವರು ಕುಬಸ ಮಾಡಿದ ನಾಯಕಿ

ಜನ ಅಳಲಿಕ್ಕೆಂದೇ ಟಿಕೀಟು ತೆಗೆಸುತ್ತಾರೆ ಎಂದು ಧಾರವಾಡದಲ್ಲಿ ಯಾರೂ ನನಗೆ ಕಲಿಸಿರಲಿಲ್ಲ. ತರ್ಕಶಾಸ್ತ್ರದಲ್ಲಿ ಎಂ.ಎ. ಮುಗಿಸಿ ಕೆಲಸವಿಲ್ಲದೆ ಕುಳಿತಿದ್ದ ನನ್ನನ್ನು ಸೋದರಮಾವ ತಮ್ಮ ಟೂರಿಂಗ್ ಟಾಕೀಸಿಗೆ ಮ್ಯಾನೇಜರ್ ಮಾಡಿದರು. ಎಪ್ಪತ್ತರ ದಶಕದ ಕೊನೆ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು: ಡೇರೆ ಎಲ್ಲಿ ನಿಂತರೂ ಏನಾದರೊಂದು ನಡೆಯುತ್ತಲೇ ಇತ್ತು. ಮಾವನ ಸೂತ್ರ ಮಾತ್ರ ಒಂದೇ: "ಹೆಣ್ಮಕ್ಕಳು ಅತ್ರ ಡೇರೆ ನಿಂದರತೈತಿ. ಅವರು ಬರೂದು ಬಿಟ್ರ ಗೂಟ ಕೀಳೂದ."

೧. ಹಾನಗಲ್ಲ: ಪಕ್ಕದಾಕೆ

ಆ ವರ್ಷದ ಚಿತ್ರದಲ್ಲಿ ಅತ್ತೆ ಸೊಸೆಯ ಮುಂದಿನ ಊಟದ ತಾಟು ಕಸಿದುಕೊಳ್ಳುತ್ತಾಳೆ. ಹೆಂಗಸರ ಕಡೆಯಿಂದ ಒಬ್ಬಾಕೆ ಕೂಗಿದಳು: "ನಿನ್ನ ಕೈ ಸೇದಿ ಹೋಗ್ಲಿ, ಮುದುಕಿ!" ಆಕೆಯ ಪಕ್ಕದಲ್ಲಿದ್ದ ಹಿರಿಯಾಕೆ ಎದ್ದು ಹೊರಗೆ ಬಂದಳು.

"ಯಾಕ್ರಿ, ಸಿನೆಮಾ ಸೇರಲಿಲ್ಲೇನು?" ಎಂದೆ.

"ಸಿನೆಮಾ ಚಲೋ ಐತ್ರಿ. ಬೈದಾಕಿ ನನ್ನ ಸೊಸಿ. ಮಾರಿ ಪರದೆ ಕಡೆ ಇತ್ತು, ಕಣ್ಣು ನನ್ನ ಕಡೆ ಇದ್ದುವು."

೨. ಶಿಗ್ಗಾಂವಿ: ದೀಪ

ನಮ್ಮದು ಒಂದೇ ಮಷಿನು. ರೀಲು ಮುಗಿದಾಗ ದೀಪ ಹಚ್ಚಿ, ಹೊಸ ರೀಲು ಏರಿಸಿ, ದೀಪ ಆರಿಸಬೇಕು. ಆಪರೇಟರಿಗೆ ತನ್ನ ಚುರುಕಿನ ಬಗ್ಗೆ ಭಾರಿ ಹೆಮ್ಮೆ. ಒಮ್ಮೆ ಅವನು ದೀಪ ಆರಿಸಲು ಹೋದಾಗ ತಡಸದ ಹೆಂಗಸೊಬ್ಬಳು ಸೆರಗಿನಿಂದ ಮೂಗೊರೆಸಿಕೊಳ್ಳುತ್ತ ಗದರಿದಳು: "ತಡಿಯೋ ಮಾರಾಯಾ, ಹಿಂದಿನ ರೀಲಿಂದ ಅಳೂದ ಇನ್ನೂ ಮುಗದಿಲ್ಲ!"

೩. ಸವಣೂರು: ಕುಬಸ

ಅದೇ ಚಿತ್ರದ ನಾಯಕಿ ಏಳು ತಿಂಗಳ ಬಸುರಿ. ಕುಬಸ, ಅಂದರೆ ಸೀಮಂತ, ಮಾಡಿ ಉಡಿ ತುಂಬಬೇಕಾದ ಅತ್ತೆ ಆಕೆಯನ್ನು ಬರಿಗೈಲಿ ಹೊರಗೆ ಹಾಕುತ್ತಾಳೆ. ಕೊನೆಯ ರೀಲಿನಲ್ಲಿ ಹುಡುಗಿ ಹೆತ್ತು ಸಾಯುತ್ತಾಳೆ. ಹತ್ತಿಮತ್ತೂರಿನ ಹೆಂಗಸರು ಅತ್ತು ಊರಿಗೆ ಹೋದರು. ಮರುದಿನ ಚಕ್ಕಡಿ ಕಟ್ಟಿಕೊಂಡು ಮತ್ತೆ ಬಂದರು. ಮುಂದೆ ಒಬ್ಬ ಅಜ್ಜಿ. ಕೈಯಲ್ಲಿ ಹಸಿರು ಖಣ, ತೆಂಗಿನಕಾಯಿ, ಹೋಳಿಗೆಯ ಗಂಟು.

"ಇದೇನ್ರಿ ಆಯಿ?"

"ಕುಬಸ ಆಗದ್ದಕ್ಕ ನಿನ್ನೆ ಆ ಹುಡುಗಿ ಸತ್ಲು. ಇವತ್ತ ನಾವು ಮಾಡ್ತೇವಿ. ಹೆಂಗ ಸಾಯ್ತಾಳ ನೋಡೂಣು."

ರೀಲು ಬದಲಿಸುವ ಹೊತ್ತಿನಲ್ಲಿ ಪರದೆಯ ಮುಂದೆ ಖಣ, ಕಾಯಿ ಇಟ್ಟು, ಸೋಬಾನೆ ಹಾಡಿ ಆರತಿ ಬೆಳಗಿದರು. ಸಾವು ಆಗಲೇ ರೀಲಿನಲ್ಲಿ ಅಚ್ಚಾಗಿದೆ ಎಂದು ನಾನು ಅಜ್ಜಿಗೆ ವಿವರಿಸಿದೆ.

"ಹಂಗಾರ ನಾವು ತುಂಬಿದ ಉಡಿ ಸುಳ್ಳೇನು? ಇವತ್ತೂ ಸತ್ಲಂದ್ರ ನಮ್ಮೂರ ಒಬ್ಬ ಹೆಣ್ಮಗಳೂ ನಿಮ್ಮ ಡೇರೆ ಮೆಟ್ಟೂದಿಲ್ಲ."

ಮಾವ ನನ್ನನ್ನು ಪಕ್ಕಕ್ಕೆ ಎಳೆದರು. "ನೀ ತರ್ಕ ಓದೀಯಲ್ಲ. ಅವರ ಮಾತಿನ್ಯಾಗ ತಪ್ಪ ಎಲ್ಲೈತಿ ಹೇಳು."

ಹುಡುಕಿದೆ. ಸಿಗಲಿಲ್ಲ.

ಪರದೆಯ ಮೇಲೆ ಕೂಸು ಅತ್ತ ಕೂಡಲೇ ಆಪರೇಟರ್ ಮಷಿನು ನಿಲ್ಲಿಸಿ 'ಶುಭಂ' ಸ್ಲೈಡು ಹಾಕಿದ. ಅಜ್ಜಿ ಡೇರೆಗೆಲ್ಲ ಸಕ್ಕರೆ ಹಂಚಿದರು. ಬಸುರಿಯ ಪಾಲಿನ ಹೋಳಿಗೆ ಮಾವ ತಿಂದರು.

೪. ಮರುವರ್ಷ, ಮತ್ತೆ ಸವಣೂರು

ಅದೇ ನಟಿಯ ಹೊಸ ಚಿತ್ರ ತಂದೆವು. ಹತ್ತಿಮತ್ತೂರಿನ ಚಕ್ಕಡಿಗಳು ಸಾಲುಗಟ್ಟಿ ಬಂದವು. ಮಾವ ಮೀಸೆ ತಿರುವಿದರು. ಈ ಸಲ ಆಕೆ ಕಾಲೇಜು ಹುಡುಗಿ. ಮೊದಲ ರೀಲಿನಲ್ಲೇ ಜಲಪಾತದ ಕೆಳಗೆ ನೆನೆಯುತ್ತ ಹಾಡಿದಳು.

ಅಜ್ಜಿ ಎದ್ದು ನಿಂತರು. "ಏ ಹುಚ್ಚಿ! ಬಾಣಂತಿ ಅದೀ, ಕಿವಿಗೆ ಅರಬಿ ಕಟ್ಟಿಕೋ!" ಆಮೇಲೆ ನನ್ನತ್ತ ತಿರುಗಿ, "ಕೂಸು ಎಲ್ಲೈತಿ?" ಎಂದರು.

"ಇದು ಬ್ಯಾರೆ ಕಥೀರಿ ಆಯಿ. ಈಕಿಗೆ ಲಗ್ನಾನ ಆಗಿಲ್ಲ."

"ಲಗ್ನ ಆಗಿಲ್ಲ? ಹಂಗಾರ ನಾವು ಯಾರಿಗೆ ಕುಬಸ ಮಾಡಿದ್ವಿ?"

ಹಿಂದೆ ಹೆಂಗಸರು ಚಾಪೆ ಸುತ್ತತೊಡಗಿದರು. ಮಾವ ಡೇರೆಯ ಗೂಟ ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ತಪ್ಪಿ ಅಂದೆ ಆಯಿ. ಕೂಸು ಈಕಿ ತವರಾಗ, ಈಕಿ ಅವ್ವನ ಕಡೆ ಐತಿ. ಮಲಗೈತಿ."

"ಮೊದಲ ಹೇಳಬಾರದೇನೋ!" ಎಲ್ಲರೂ ಕುಳಿತರು. ಮಾವ ಉಸಿರು ಬಿಟ್ಟರು. ಅಷ್ಟರಲ್ಲಿ ಪರದೆಯ ಮೇಲೆ ನಾಯಕ ಸೈಕಲ್ ಹೊಡೆಯುತ್ತ ಬಂದ. ಹೋದ ವರ್ಷದ ಗಂಡನಲ್ಲ, ಬೇರೆ ನಟ.

ಅಜ್ಜಿ ಮೆಲ್ಲಗೆ ಕೇಳಿದರು: "ಇಂವ ಯಾರು?"

"ಅವರಣ್ಣರಿ. ತವರಿಗೆ ಕರಕೊಂಡು ಹೋಗಾಕ ಬಂದಾನ."

ಅಣ್ಣ ಸೈಕಲ್ಲಿನಿಂದ ಇಳಿದು ಆಕೆಯ ಸೊಂಟಕ್ಕೆ ಕೈ ಹಾಕಿದ.

ಮಾವ ಓಡಿಹೋಗಿ ಜನರೇಟರ್ ಬಂದ್ ಮಾಡಿದರು. ಮರುದಿನ ನಮ್ಮ ಡೇರೆ ಹಿರೇಕೆರೂರಿನಲ್ಲಿತ್ತು.