ಏಳು ತಿಂಗಳ ಹೊಟ್ಟೆ, ಎರಡೂವರೆ ವರ್ಷದ ಮಗಳು, ಒಂದು ಟೆಂಟು

ನಮ್ಮ ಮನೆಯಲ್ಲಿ ಯಾವ ಕೆಲಸವೂ ನೆಟ್ಟಗೆ ಶುರುವಾಗಿ ನೆಟ್ಟಗೆ ಮುಗಿದದ್ದು ನನಗೆ ನೆನಪಿಲ್ಲ. ಹಾಲು ತರಲು ಅಂಗಡಿಗೆ ಹೋದವರು ಕೂಡ ಹಾಲಿನ ಜೊತೆ ಒಂದು ಕಥೆ ಹೊತ್ತುಕೊಂಡೇ ಬರುತ್ತಾರೆ. ಹಾಗಿರುವಾಗ ನಾವು ಮನೆ ಬಿಟ್ಟು ಎರಡು ದಿನ ಬಯಲಲ್ಲಿ ಇರಲು ಹೊರಟರೆ ಏನಾಗಬೇಡ?

ನಾನು ಶಿರಂಗಾಲದ ಹತ್ತಿರದ ಒಂದು ಹಳ್ಳಿಯಲ್ಲಿ ಅಂಗನವಾಡಿ ಟೀಚರ್. ಬಸುರಿಯರು ಏನು ತಿನ್ನಬೇಕು, ಹೇಗೆ ಮಲಗಬೇಕು, ಎಷ್ಟು ನಡೆಯಬೇಕು ಎಂದು ಊರಿಗೆಲ್ಲ ಹೇಳಿಕೊಡುವವಳೇ ನಾನು. ಆದ್ದರಿಂದ ನನಗೆ ಯಾರೂ ಏನೂ ಹೇಳಿಕೊಡಬೇಕಾಗಿಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ. ಇದನ್ನು ತಲೆಯಲ್ಲಿಟ್ಟುಕೊಂಡು ಮುಂದೆ ಓದಿ.

ಕರೆಂಟ್ ಮಾಮ

ನನ್ನ ಗಂಡ ಲೈನ್‌ಮನ್. ಕೊಡಗಿನಲ್ಲಿ ಲೈನ್‌ಮನ್ ಆದವನಿಗೆ ಮಳೆಗಾಲದಲ್ಲಿ ಮನೆ ಇರುವುದಿಲ್ಲ. ಎಲ್ಲೋ ಮರ ಬಿದ್ದಿರುತ್ತದೆ, ಎಲ್ಲೋ ಕಂಬ ಮಲಗಿರುತ್ತದೆ, ಇವರು ಅಲ್ಲೆಲ್ಲ ಇರುತ್ತಾರೆ. ಹೋದ ವರ್ಷ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಗಳು ಏಳುವ ಮೊದಲೇ ಹೋಗುತ್ತಿದ್ದರು, ಮಲಗಿದ ಮೇಲೆ ಬರುತ್ತಿದ್ದರು.

ಒಂದು ದಿನ ಅಪರೂಪಕ್ಕೆ ಸಂಜೆ ಐದಕ್ಕೇ ಬಂದರು. ರೇನ್‌ಕೋಟು, ಹೆಲ್ಮೆಟ್ಟು, ಹೆಗಲ ಮೇಲೆ ಹಗ್ಗ. ಮಗಳು ಬಾಗಿಲಲ್ಲಿ ನಿಂತು ನೋಡಿದಳು. ಆಮೇಲೆ ಒಳಗೆ ಓಡಿ ಬಂದು ಕೂಗಿದಳು.

"ಅಮ್ಮಾ, ಕರೆಂಟ್ ಮಾಮ ಬಂದ್ರು!"

ಅವರು ಜೋರಾಗಿ ನಕ್ಕರು. ಆದರೆ ಊಟಕ್ಕೆ ಕೂತವರು ಅನ್ನ ಕಲಸುತ್ತಲೇ ಇದ್ದರು. ಕಡೆಗೆ ತಟ್ಟೆ ಸರಿಸಿ ಹೇಳಿದರು. "ಎರಡನೇದು ಬರೋದ್ರೊಳಗೆ ಇವಳ ಜೊತೆ ಎರಡು ದಿನ ಇರಬೇಕು ಕಣೇ. ಕಂಬ ಇರಬಾರದು, ತಂತಿ ಇರಬಾರದು, ಫೋನು ಸಿಗಬಾರದು. ಅಂಥಾ ಜಾಗಕ್ಕೆ ಹೋಗಿ ಟೆಂಟ್ ಹಾಕೋಣ."

"ರೀ, ನನ್ನ ಹೊಟ್ಟೆ ನೋಡಿದೀರಾ?"

"ನೋಡಿದೀನಿ. ಅದಕ್ಕೇ ನಾಲ್ಕು ಜನರ ಟೆಂಟೇ ತಗೊಳ್ಳೋಣ."

ಮಲಗುವುದು ಸುಲಭ

ಮಳೆ ನಿಂತು, ಕಾಫಿ ಹಣ್ಣಾಗುವ ಕಾಲ ಬಂತು. ನನಗೆ ಏಳನೇ ತಿಂಗಳು ಶುರುವಾಗಿತ್ತು. ಡಾಕ್ಟರಮ್ಮನನ್ನು ಕೇಳದೆ ಹೋಗುವುದು ಸರಿಯಲ್ಲ ಎಂದು ಇಬ್ಬರೂ ಹೋದೆವು. ಪರೀಕ್ಷೆಯೆಲ್ಲ ಮುಗಿದ ಮೇಲೆ ನಾನು ಕೇಳಿದೆ.

"ಮೇಡಂ, ಎರಡು ದಿನ ಟೆಂಟಲ್ಲಿ ಮಲಗಬಹುದಾ?"

ಅವರು ಬರೆಯುವುದನ್ನು ನಿಲ್ಲಿಸಲಿಲ್ಲ. "ನೆಲದ ಮೇಲೆ ಮಲಗಿ ಏಳೋಕೆ ಆಗುತ್ತಾ?"

"ಆಗದೆ ಏನು ಮೇಡಂ? ನಮ್ಮೂರಿನ ಬಸುರಿಯರಿಗೆಲ್ಲ ನಾನೇ ಹೇಳಿಕೊಡೋದು, ಪಕ್ಕಕ್ಕೆ ತಿರುಗಿ, ಕೈ ಊರಿ ಏಳಬೇಕು ಅಂತ."

"ಹಾಗಾದ್ರೆ ತೋರಿಸಿ."

ನರ್ಸಮ್ಮ ಒಂದು ಬೆಡ್‌ಶೀಟ್ ಹಾಸಿದರು. ನಾನು ಬಹಳ ಗತ್ತಿನಿಂದ ಮಲಗಿದೆ. ಪಕ್ಕಕ್ಕೆ ತಿರುಗಿದೆ. ಕೈ ಊರಿದೆ. ಅಷ್ಟೇ. ಮುಂದಿನದು ಆಗಲಿಲ್ಲ. ಮತ್ತೊಂದು ಪಕ್ಕಕ್ಕೆ ತಿರುಗಿದೆ. ಅಲ್ಲೂ ಆಗಲಿಲ್ಲ. ಗಂಡ ಒಂದು ಕೈ ಹಿಡಿದರು, ನರ್ಸಮ್ಮ ಇನ್ನೊಂದು ಕೈ ಹಿಡಿದರು, ಹೊರಗೆ ಕೂತಿದ್ದ ಯಾರೋ ಹೆಂಗಸು ಬಂದು ಬೆನ್ನಿಗೆ ಕೈ ಕೊಟ್ಟರು. ಎದ್ದೆ.

ಡಾಕ್ಟರಮ್ಮ ಆಗ ಪೆನ್ನು ಕೆಳಗಿಟ್ಟರು. "ಎಲ್ಲಾ ಚೆನ್ನಾಗಿದೆ, ಧಾರಾಳವಾಗಿ ಹೋಗಿ ಬನ್ನಿ. ಆಸ್ಪತ್ರೆ ಹತ್ತಿರ ಇರಲಿ. ಮಲಗೋದಕ್ಕೆ ನೀವೊಬ್ಬರೇ ಸಾಕು, ಏಳೋದಕ್ಕೆ ಇನ್ನಿಬ್ಬರು ಬೇಕು. ಮನೇಲಿ ಇನ್ಯಾರಿದ್ದಾರೆ?"

ಹೀಗೆ ನಮ್ಮ ಅತ್ತೆ ಹೊರಟದ್ದು ಡಾಕ್ಟರ ಚೀಟಿಯ ಮೇಲೆ.

ಮಡಚಲು ಬಾರದ ಮನೆ

ಟೆಂಟು ಬಂತು. ದೋಸೆ ಕಾವಲಿಯ ಹಾಗೆ ಗುಂಡಗೆ, ಚಪ್ಪಟೆಯಾಗಿ ಒಂದು ಚೀಲದಲ್ಲಿತ್ತು. ಚೀಲದಿಂದ ತೆಗೆದು ಎಸೆದರೆ ತಾನೇ ಬಿಚ್ಚಿಕೊಳ್ಳುತ್ತದೆ ಎಂದು ಬರೆದಿತ್ತು. ಇವರಿಗೆ ನಂಬಿಕೆ ಬರಲಿಲ್ಲ. ಹಾಲ್‌ನಲ್ಲಿ ನಿಂತು ಎಸೆದರು.

ಬರೆದದ್ದು ನಿಜವಾಗಿತ್ತು. ಕಣ್ಣು ಮಿಟುಕಿಸುವಷ್ಟರಲ್ಲಿ ಹಾಲ್ ತುಂಬ ಟೆಂಟು. ಅತ್ತೆ ಒಂದು ಕಡೆ ಗೋಡೆಗೆ ಒತ್ತಿಕೊಂಡು ನಿಂತಿದ್ದರು, ನಾನು ಇನ್ನೊಂದು ಕಡೆ. ಮಗಳು ಒಳಗೆ ನುಗ್ಗಿ ಕುಣಿಯುತ್ತಿದ್ದಳು.

ಮಡಚುವುದು ಹೇಗೆ ಎಂದು ಚಿತ್ರ ಕೊಟ್ಟಿದ್ದರು. ಎಂಟರ ಆಕಾರಕ್ಕೆ ತಿರುಚಬೇಕಂತೆ. ಇವರು ಹೈಟೆನ್ಷನ್ ತಂತಿಯನ್ನೇ ಬಗ್ಗಿಸುವ ಮನುಷ್ಯ. ಒಂದು ಗಂಟೆ ತಿರುಚಿದರು. ಒಂದು ಸಲ ಒಂಬತ್ತು ಬಂತು, ಒಂದು ಸಲ ಏನೋ ಇಂಗ್ಲಿಷ್ ಅಕ್ಷರ ಬಂತು, ಎಂಟು ಮಾತ್ರ ಬರಲಿಲ್ಲ. ಕಡೆಗೆ ಟೆಂಟು ಅವರ ಕೈಯಿಂದ ಹಾರಿ ಕನ್ನಡಕ ಬೀಳಿಸಿತು.

ನಾಲ್ಕು ದಿನ ಅದು ಹಾಲ್‌ನಲ್ಲೇ ಇತ್ತು. ಅತ್ತೆ ಮೊದಲ ದಿನ ಬೈದರು. ಎರಡನೇ ದಿನ ಒಳಗೆ ಕೂತು ಸೊಪ್ಪು ಬಿಡಿಸಿದರು. ಮೂರನೇ ದಿನ ಮಧ್ಯಾಹ್ನ ಅಲ್ಲೇ ಮಲಗಿದರು. ನಾಲ್ಕನೇ ದಿನ ಪಕ್ಕದ ಮನೆಯವರು ಬಂದಾಗ ಒಳಗಿನಿಂದಲೇ ಜಿಪ್ ಎಳೆದು, ಮುಖ ಹೊರಗೆ ಹಾಕಿ ಹೇಳಿದರು. "ಬನ್ನಿ, ಬನ್ನಿ. ಚಪ್ಪಲಿ ಬಿಟ್ಟು ಬನ್ನಿ."

ಯಾವ ಕ್ಯಾಂಪು?

ಶನಿವಾರಸಂತೆಯ ಆಚೆ ಒಂದು ಕಾಫಿ ತೋಟ. ಅದರ ಮಾಲೀಕರಿಗೆ ನನ್ನ ಗಂಡ ಎಂದರೆ ಅಭಿಮಾನ, ಸುರಿಯುವ ಮಳೆಯಲ್ಲಿ ಅವರ ಮನೆಗೆ ಕರೆಂಟು ಕೊಟ್ಟವರಲ್ಲವೇ. "ಕೆರೆ ಏರಿ ಪಕ್ಕ ಹುಲ್ಲುಗಾವಲಿದೆ, ಆನೆ ಕಾಟ ಇಲ್ಲ, ಎಷ್ಟು ದಿನ ಬೇಕಾದ್ರೂ ಇರಿ" ಎಂದಿದ್ದರು. ಟೆಂಟು ಮಡಚಲಿಲ್ಲವಾದ್ದರಿಂದ ಅದನ್ನು ಬಿಚ್ಚಿದ ಹಾಗೆಯೇ ಭಾವನವರಿಂದ ಕೇಳಿ ತಂದಿದ್ದ ಜೀಪಿನ ತಲೆಗೆ ಕಟ್ಟಿದೆವು. ಕೇಸರಿ ಬಣ್ಣದ ಟೆಂಟು. ಹೊರಟದ್ದು ಶನಿವಾರ. ಸಂತೆಯ ದಿನ.

ಸಂತೆಯ ಜನದ ನಡುವೆ ಜೀಪು ನಿಂತುಬಿಟ್ಟಿತು. ಬುಟ್ಟಿ ಹೊತ್ತ ಒಬ್ಬ ಅಜ್ಜಿ ಟೆಂಟನ್ನು ನೋಡಿದರು, ನನ್ನ ಹೊಟ್ಟೆಯನ್ನು ನೋಡಿದರು. "ಎಲ್ಲಿಗವ್ವಾ ಹೊಂಟಿರದು?"

"ಕ್ಯಾಂಪಿಗೆ ಅಜ್ಜಿ" ಎಂದರು ನನ್ನ ಗಂಡ, ಹೆಮ್ಮೆಯಿಂದ.

ನಾನು ತಲೆ ಚಚ್ಚಿಕೊಂಡೆ. ನಮ್ಮ ಕಡೆ ಕ್ಯಾಂಪ್ ಎಂದರೆ ಒಂದೇ ಅರ್ಥ, ಡಾಕ್ಟರು ಬಂದು ಪುಕ್ಕಟೆ ನೋಡುವುದು.

"ಕಣ್ಣಿಂದಾ, ಸಕ್ಕರೆ ಕಾಯಿಲೆದಾ?" ಎಂದರು ಅಜ್ಜಿ. ಉತ್ತರ ಬರುವ ಮೊದಲೇ ಜೀಪಿನ ಹಿಂದೆ ಐದಾರು ಜನ ಸೇರಿದರು. ಒಬ್ಬರು ಪಂಚೆ ಎತ್ತಿ ಮಂಡಿ ತೋರಿಸಿದರು. ಅಜ್ಜಿ ಬುಟ್ಟಿ ಸಮೇತ ಜೀಪು ಹತ್ತಿ ನನ್ನ ಪಕ್ಕ ಕೂತೇಬಿಟ್ಟರು.

"ಅಜ್ಜಿ, ಇದು ಆ ಕ್ಯಾಂಪ್ ಅಲ್ಲ" ಎಂದೆ ನಾನು. "ನಾವು ಸುಮ್ಮನೆ ಎರಡು ದಿನ ಟೆಂಟಲ್ಲಿ ಇರೋಕೆ ಹೋಗ್ತಿರೋದು."

ಅಜ್ಜಿಯ ಮುಖ ಬಾಡಿಹೋಯಿತು. ನನ್ನ ಗಲ್ಲ ಸವರಿ, ಮಗಳ ತಲೆ ಸವರಿ, ಅತ್ತೆಯ ಕೈ ಹಿಡಿದುಕೊಂಡರು. "ಮಳೇಲಿ ಮನೆ ಬಿದ್ದೋಯ್ತಾ ತಾಯೀ?"

ಬುಟ್ಟಿಯಿಂದ ಒಂದು ಕುಂಬಳಕಾಯಿ ತೆಗೆದು ಮಗಳ ತೊಡೆಯ ಮೇಲಿಟ್ಟು ಇಳಿದರು. ಎಷ್ಟು ಹೇಳಿದರೂ ವಾಪಸ್ ತೆಗೆದುಕೊಳ್ಳಲಿಲ್ಲ. ಜೀಪು ಮುಂದೆ ಹೋದಂತೆ ನಮ್ಮ ಅತ್ತೆ ಹಿಂದಿನಿಂದ ತಲೆ ಹೊರಗೆ ಹಾಕಿ ಇಡೀ ಸಂತೆಗೆ ಕೇಳುವ ಹಾಗೆ ಕೂಗಿದರು. "ನಮ್ದು ಮೋಲ್ಡ್ ಮನೆ ಕಣವ್ವಾ! ಟೈಲ್ಸ್ ಹಾಕ್ಸಿದೀವಿ!"

ತಮ್ಮನೋ ತಂಗಿಯೋ

ಟೆಂಟನ್ನು ಇಳಿಸಿ ಹುಲ್ಲಿನ ಮೇಲಿಟ್ಟೆವು. ಹಾಕುವ ಕೆಲಸವೇ ಇರಲಿಲ್ಲ. ಅಪ್ಪ ಮಗಳು ಇಬ್ಬರೂ ಕೆರೆಗೆ ಕಲ್ಲು ಎಸೆಯುತ್ತಾ ಮಧ್ಯಾಹ್ನ ಕಳೆದರು. ನಾನು ಮರಕ್ಕೆ ಒರಗಿ ಕೂತು ನೋಡಿದೆ. ಅವಳು ಅವರ ಹೆಗಲಿಂದ ಇಳಿಯಲೇ ಇಲ್ಲ.

ಸಂಜೆ ಕಾಫಿ ಪಿಕ್ಕಿಂಗ್ ಮುಗಿಸಿದ ಹೆಂಗಸರು ನನ್ನ ಸುತ್ತ ಸೇರಿದರು. ಒಬ್ಬರು ಹೊಟ್ಟೆ ನೋಡಿ ಗಂಡು ಎಂದರು. ಇನ್ನೊಬ್ಬರು ಮುಖ ನೋಡಿ ಹೆಣ್ಣು ಎಂದರು. ಇಂಥದ್ದೆಲ್ಲ ನಂಬಬಾರದು ಎಂದು ನಾನು ಅಂಗನವಾಡಿ ಪಾಠ ಶುರು ಮಾಡಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಅವರಲ್ಲಿ ಹಿರಿಯಾಕೆ, ತಮಿಳು ಬೆರೆತ ಕನ್ನಡದವರು, ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. "ಯಾರೂ ಪೇಚಾಡಬೇಡಿ ಅಮ್ಮಾ. ಮೊದಲ ಕೊಳಂದೆ ಬಾಯಲ್ಲಿ ಬಂದದ್ದೇ ಸತ್ಯ."

ಮೊದಲ ಮಗು ಎಂದರೆ ನನ್ನ ಮಗಳು. ಅವಳನ್ನು ಮಧ್ಯದಲ್ಲಿ ನಿಲ್ಲಿಸಿದರು. ಎಲ್ಲರೂ ಹತ್ತಿರ ಸರಿದರು. ಅತ್ತೆ ಕೂಡ ಒಲೆ ಬಿಟ್ಟು ಬಂದರು.

"ಅಮ್ಮನ ಹೊಟ್ಟೇಲಿ ಯಾರಿದ್ದಾರೆ ಕಂದಾ, ತಮ್ಮನಾ, ತಂಗಿನಾ?"

ಅವಳು ಹೊಟ್ಟೆಗೆ ಕಿವಿ ಇಟ್ಟಳು. ಬಹಳ ಹೊತ್ತು ಕೇಳಿದಳು. ಆಮೇಲೆ ಖಚಿತವಾಗಿ ಹೇಳಿದಳು.

"ನಾಯಿಮರಿ."

ಹೊಸ ಆಳು

ಮರುದಿನ ಬೆಳಿಗ್ಗೆ ಅತ್ತೆ ಕಾಣಲಿಲ್ಲ. ಭಾನುವಾರವಾದರೂ ಹಣ್ಣು ಉದುರುತ್ತದೆಂದು ಪಿಕ್ಕಿಂಗ್ ನಡೆದಿತ್ತು. ನನ್ನ ಗಂಡ ಮಗಳನ್ನು ಎತ್ತಿಕೊಂಡು ಹುಡುಕಿ ಹೊರಟರು, ನಾನು ಹಿಂದೆ ನಿಧಾನಕ್ಕೆ ಹೋದೆ. ನೋಡಿದರೆ ಕಾಫಿ ಗಿಡಗಳ ಸಾಲಿನಲ್ಲಿ ಸೊಂಟಕ್ಕೆ ಚೀಲ ಕಟ್ಟಿಕೊಂಡು ನಿಂತಿದ್ದಾರೆ! ಕೈಕಟ್ಟಿ ಕೂತು ಬೇಜಾರಾಯಿತಂತೆ.

ಎದುರಿಗೆ ತೋಟದ ರೈಟರ್ ನಿಂತಿದ್ದರು. ರೈಟರ್ ಎಂದರೆ ಕಥೆ ಬರೆಯುವವರಲ್ಲ, ಆಳುಗಳ ಹಾಜರಿ ಬರೆಯುವವರು. ಅತ್ತೆಯನ್ನು ಹೊಸ ಆಳು ಎಂದುಕೊಂಡು ಗದರುತ್ತಿದ್ದರು. "ಏನಮ್ಮಾ ಇದು? ಹಸಿರು ಕಾಯೆಲ್ಲ ಕಿತ್ತಿದೀಯಾ! ಕೆಂಪಗಾದ್ದು ಮಾತ್ರ ಕೀಳಬೇಕು ಅಂತ ಗೊತ್ತಿಲ್ವಾ?"

ಅತ್ತೆ ಸೊಂಟದ ಮೇಲೆ ಕೈಯಿಟ್ಟರು. "ನಲವತ್ತು ವರ್ಷದಿಂದ ಬೀನ್ಸ್ ಬೆಳೀತಿದೀನಿ ಕಣಪ್ಪಾ. ಎಳೇದ್ರಲ್ಲೇ ಕೀಳಬೇಕು. ನೀವು ಹಿಂಗೆ ಬಲಿಯೋಕೆ ಬಿಟ್ಟು ಬಿಟ್ಟೇ ನಿಮ್ಮ ಕಾಫಿ ಇಷ್ಟು ಕಹಿ."

ಪೇಷಂಟ್ ಯಾರು?

ಅದೇ ದಿನ ಹತ್ತು ಗಂಟೆಯ ಹೊತ್ತಿಗೆ ನನಗೆ ಹೊಟ್ಟೆ ಹಿಡಿದುಕೊಂಡಿತು. ಮೊದಲು ಸುಮ್ಮನಿದ್ದೆ. ಎರಡನೇ ಸಲ ಬಂದಾಗ ಮರ ಹಿಡಿದುಕೊಂಡೆ. ಮೂರನೇ ಸಲ ಅತ್ತೆ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಊರಿಗೆಲ್ಲ ಧೈರ್ಯ ಹೇಳುವ ನಾನು ಆಗ ಅತ್ತೆಯ ಕೈ ಹಿಡಿದುಕೊಂಡೆ. ಇನ್ನೂ ಏಳನೇ ತಿಂಗಳು.

ನನ್ನ ಗಂಡ ಜೀಪು ಹತ್ತಿರಕ್ಕೆ ತಂದರು. ಜೀಪಿನ ಹಿಂಭಾಗದಲ್ಲಿ ಹಾಸಿಗೆ ಹಾಸಿ ನನ್ನನ್ನು ಮಲಗಿಸಿದರು. ಅತ್ತೆಯನ್ನು ಮುಂದೆ ಕೂರಿಸಿ, ನೀರಿನ ಬಾಟಲಿ ಮತ್ತು ನನ್ನ ಫೈಲು ತರಲು ಟೆಂಟಿಗೆ ಓಡಿದರು. ಮಗಳು ನನ್ನ ಹತ್ತಿರ ನಿಂತಿದ್ದಳು.

ಬಸುರಿಯರಿಗೆ ಮಾತ್ರ ಅರ್ಥವಾಗುವ ಒಂದು ಸಂಕಟವಿದೆ. ಇಪ್ಪತ್ತು ನಿಮಿಷದ ಕುಲುಕಾಟದ ದಾರಿ ಎಂದು ಗೊತ್ತಾದ ಕೂಡಲೇ ಅದು ಶುರುವಾಯಿತು. ಜೀಪಿನ ಕಂಬಿ ಹಿಡಿದು ಹೇಗೋ ಎದ್ದು, ಮೆಲ್ಲಗೆ ಇಳಿದೆ. ಮಗಳಿಗೆ ಹೇಳಿದೆ. "ಅಮ್ಮ ಸುಸು ಮಾಡಿ ಬರ್ತಾಳೆ ಅಂತ ಅಪ್ಪಂಗೆ ಹೇಳು, ಆಯ್ತಾ?" ಅವಳು ತಲೆಯಾಡಿಸಿ, ಮುಂದೆ ಕೂತಿದ್ದ ಅಜ್ಜಿಯ ಕಡೆಗೆ ಓಡಿದಳು. ನಾನು ಗಿಡಗಳ ಮರೆಗೆ ಹೋದೆ.

ಗಿಡದ ಆ ಕಡೆ ಜೀಪು ಶುರುವಾದ ಸದ್ದು ಕೇಳಿತು. ಇಂಜಿನ್ ಬಿಸಿ ಮಾಡುತ್ತಿದ್ದಾರೆ ಎಂದುಕೊಂಡೆ. ಸದ್ದು ದೂರವಾಯಿತು. ತಿರುಗಿಸುತ್ತಿದ್ದಾರೆ ಎಂದುಕೊಂಡೆ. ಹೊರಗೆ ಬಂದು ನೋಡಿದರೆ ಕೆರೆ ಇದೆ, ಟೆಂಟಿದೆ, ಧೂಳಿದೆ. ಜೀಪಿಲ್ಲ.

ಜೀಪಿನೊಳಗೆ ಏನಾಯಿತು ಎಂದು ಅತ್ತೆ ಆಮೇಲೆ ಹೇಳಿದರು. ಇವರು ಬಂದವರೇ ಒಳಗೆ ಇಣುಕಿಯೂ ನೋಡದೆ ಹಿಂದಿನ ಟಾರ್ಪಾಲು ಎಳೆದು ಕಟ್ಟಿ, ಹಾರಿ ಕೂತು ಹೊರಟುಬಿಟ್ಟರಂತೆ. ಮಗಳು ಅಜ್ಜಿಯ ತೊಡೆಯ ಮೇಲೆ ಕೂತು, "ಅಪ್ಪಾ, ಅಮ್ಮ, ಸುಸು" ಎಂದಳಂತೆ.

"ತಡ್ಕೋ ಚಿನ್ನಾ, ಆಸ್ಪತ್ರೇಲಿ ಮಾಡುವಿಯಂತೆ" ಎಂದರು ಅಪ್ಪ.

"ಅಮ್ಮ ಸುಸು!" ಎಂದಳು ಇನ್ನೂ ಜೋರಾಗಿ.

"ಅಮ್ಮಂಗೆ ಹುಷಾರಿಲ್ಲ ಕಂದಾ, ಅಜ್ಜಿ ಮಾಡಿಸ್ತೀನಿ" ಎಂದರು ಅತ್ತೆ.

ಪಾಪ, ಮಗು ಒಪ್ಪಿಸಿದ ಕೆಲಸವನ್ನು ಇಡೀ ದಾರಿ ಮಾಡಿತು. ಇವರು ನಡುನಡುವೆ ಹಿಂದಕ್ಕೆ ಕೂಗಿ, "ಹೆದರಬೇಡ ಕಣೇ, ಬಂದ್ವಿ, ಬಂದ್ವಿ" ಎನ್ನುತ್ತಿದ್ದರಂತೆ. ಟಾರ್ಪಾಲಿನ ಕತ್ತಲಲ್ಲಿದ್ದ ಹಾಸಿಗೆ ಉತ್ತರ ಕೊಡಲಿಲ್ಲ. ನೋವಿಗೆ ಮಾತು ನಿಂತಿದೆ ಎಂದುಕೊಂಡು ಇನ್ನೂ ವೇಗವಾಗಿ ಓಡಿಸಿದರಂತೆ.

ಆಸ್ಪತ್ರೆಯ ಬಾಗಿಲಲ್ಲಿ ಹಾರನ್ ಹೊಡೆದು, "ಸ್ಟ್ರೆಚರ್! ಸ್ಟ್ರೆಚರ್!" ಎಂದು ಕೂಗಿದ್ದಾರೆ. ಇಬ್ಬರು ನರ್ಸಮ್ಮಂದಿರು ಓಡಿ ಬಂದಿದ್ದಾರೆ. ಟಾರ್ಪಾಲು ಎತ್ತಿದರೆ ಒಂದು ಹಾಸಿಗೆ, ಎರಡು ದಿಂಬು. ಮಗಳು ಬಂದ ದಾರಿಯ ಕಡೆ ಕೈ ತೋರಿಸಿ, ಕೊನೆಯ ಸಲ, ತಾಳ್ಮೆಯಿಂದ ಹೇಳಿದಳಂತೆ.

"ಅಮ್ಮ. ಅಲ್ಲಿ. ಸುಸು."

ಇತ್ತ ನಾನು ಗಿಡದ ಮರೆಯಿಂದ ಎದ್ದು ಬಂದಾಗಲೇ ನೋವು ಅರ್ಧ ಇಳಿದಿತ್ತು. ಹೆರಿಗೆ ನೋವಲ್ಲ, ಗ್ಯಾಸು ಮತ್ತು ಸುಸ್ತು ಎಂದು ಡಾಕ್ಟರು ಆಮೇಲೆ ಹೇಳಿದರು. ಮಗ ತಿಂಗಳು ತುಂಬಿಯೇ ಹುಟ್ಟಿದ, ಗುಂಡುಗುಂಡಗೆ. ಆದರೆ ಆ ಹೊತ್ತಿನಲ್ಲಿ ಅದೆಲ್ಲ ಯಾರಿಗೆ ಗೊತ್ತು? ರೈಟರ್ ತಾವೇ ತೋಟದ ಪಿಕಪ್ ತಂದು, ಮುಂದಿನ ಸೀಟಿನಲ್ಲಿ ನನ್ನನ್ನು ಕೂರಿಸಿಕೊಂಡು, ಮೊಟ್ಟೆ ಸಾಗಿಸುವವರ ಹಾಗೆ ನಿಧಾನಕ್ಕೆ ಕರೆತಂದರು.

ಆಸ್ಪತ್ರೆಯಲ್ಲಿ ಅತ್ತೆ ಬೆಂಚಿನ ಮೇಲೆ ಮಗಳಿಗೆ ಬಾಳೆಹಣ್ಣು ತಿನ್ನಿಸುತ್ತಿದ್ದರು. ನನ್ನನ್ನು ನೋಡಿ ಅಳುತ್ತಾ ನಗುತ್ತಾ ಒಳಗೆ ಕೈ ತೋರಿಸಿದರು. ಖಾಲಿ ಹಾಸಿಗೆ ನೋಡಿದ ಕೂಡಲೇ ನನ್ನ ಗಂಡನಿಗೆ ಕಣ್ಣು ಕತ್ತಲಿಟ್ಟಿತ್ತು. ತಂದ ಸ್ಟ್ರೆಚರ್ ವಾಪಸ್ ಯಾಕೆ ಒಯ್ಯಬೇಕೆಂದು ಅವರನ್ನೇ ಅದರ ಮೇಲೆ ಮಲಗಿಸಿ ಒಳಗೆ ಒಯ್ದಿದ್ದರು. ಹೋಗಿ ನೋಡಿದರೆ ಹೆರಿಗೆ ವಾರ್ಡಿನ ಮೊದಲ ಮಂಚದ ಮೇಲೆ, ಕೈಗೆ ಬಿಪಿ ಪಟ್ಟಿ ಕಟ್ಟಿಸಿಕೊಂಡು, ಕಣ್ಣು ಮುಚ್ಚಿ ಮಲಗಿದ್ದಾರೆ.

ನಾನು ಸೊಂಟಕ್ಕೆ ಕೈಕೊಟ್ಟು, ಹೊಟ್ಟೆ ಮುಂದೆ ಮಾಡಿಕೊಂಡು ಬಾಗಿಲಲ್ಲಿ ನಿಂತೆ. ನರ್ಸಮ್ಮ ತಲೆ ಎತ್ತಿ ನೋಡಿದರು.

"ನೀವು ಪೇಷಂಟ್ ಕಡೆಯವರಾ?"