ರದ್ದಾದ ಪುಸ್ತಕಗಳೂ ನನ್ನ ಪ್ರಯೋಗಶಾಲೆಯೂ

ಶಾಲೆಗೆ ಪುಸ್ತಕ ಬರುವುದು ಸುಲಭ, ಹೊರಗೆ ಹೋಗುವುದು ಕಷ್ಟ. ಹೊಸನಗರ ತಾಲ್ಲೂಕಿನ ಹೈಸ್ಕೂಲೊಂದಕ್ಕೆ ವಿಜ್ಞಾನದ ಅತಿಥಿ ಶಿಕ್ಷಕನಾಗಿ ಸೇರಿದಾಗಿನಿಂದ ಇದು ನನಗೆ ಮತ್ತೆ ಮತ್ತೆ ಸಾಬೀತಾಗುತ್ತಿದೆ.

ಒಣಭೂಮಿ

ನಮ್ಮಲ್ಲಿ ಪ್ರಯೋಗಶಾಲೆ ಇರಲಿಲ್ಲ. ಪ್ರನಾಳ, ಆಮ್ಲದ ಬಾಟಲಿ ಎಲ್ಲ ಸ್ಟಾಫ್ ರೂಮಿನ ಬೆಂಚಿನ ಕೆಳಗೆ, ಹೆಡ್‌ಮಾಸ್ಟರ ಊಟದ ಡಬ್ಬಿಯ ಪಕ್ಕದಲ್ಲಿದ್ದವು. ಒಂದು ದಿನ ಡಬ್ಬಿ ತೆಗೆಯಲು ಬಗ್ಗಿದವರು ಹೇಳಿದರು: "ಲೈಬ್ರರಿ ರೂಮಿನ ಹಳೇ ಪುಸ್ತಕ ಖಾಲಿ ಮಾಡಿ. ರೂಮು ನಿಮ್ಮದೇ."

ಬೀಗ ತೆಗೆದೆ. ಗೆದ್ದಲೂ ಅರ್ಧಕ್ಕೆ ಬಿಟ್ಟ ಪುಸ್ತಕಗಳು. ಬಹುಪಾಲು ಒಂದೇ ಪುಸ್ತಕದ ಪ್ರತಿಗಳು; ವಿಷಯ, ಒಣಭೂಮಿ ಬೇಸಾಯ. ಸೋರುವ ಮಾಡಿನ ಕೆಳಗೆ ನೆನೆದು ಹಾಳೆಗಳು ಅಂಟಿಕೊಂಡಿದ್ದವು.

ಸಾಗರದ ಗುಜರಿ ಅಂಗಡಿಯವನಿಗೆ ಒಂದು ಪ್ರತಿ ತೋರಿಸಿದೆ. ಹಿಚುಕಿ ನೋಡಿದ.

"ಬೂಷ್ಟು ಹಿಡಿದಿದೆ ಸರ್. ಒಣಗಿಸ್ಕೊಂಡು ಬನ್ನಿ."

"ಈ ಮಳೇಲಿ ಎಲ್ಲಿ ಒಣಗಿಸ್ಲಿ?"

ಅವನು ರಕ್ಷಾಪುಟ ಓದಿದ. "ಒಣಭೂಮಿ ಅಂತ ಬರ್ದಿದಾರಲ್ಲ. ಅಲ್ಲಿಗೇ ತಗೊಂಡು ಹೋಗಿ."

ದಾನ

ಒಂದು ಕಪಾಟಿನ ಪುಸ್ತಕಗಳ ಮೇಲೆ ದಾನಿಯೊಬ್ಬರ ಹೆಸರಿತ್ತು. ಕೇಳದೆ ತೆಗೆಯುವುದು ಸರಿಯಲ್ಲವೆಂದು ಅವರ ಮಗನಿಗೆ ತಿಳಿಸಿದೆ. ಆ ಮಗ ಶಾಲಾ ಸಮಿತಿಯ ಅಧ್ಯಕ್ಷರೂ ಹೌದು. ಸಿಟ್ಟಿನಲ್ಲಿ ನೇರ ಮನೆಮಾತಿಗೇ ಇಳಿದರು.

"ಎಂತ ಮಾತು ಮಾಷ್ಟ್ರೇ! ಅಪ್ಪಯ್ಯ ಕೊಟ್ಟ ಪುಸ್ತಕ ಬಿಸಾಕದಾ?"

"ಬಿಸಾಕೋದಿಲ್ಲ. ನಿಮ್ಮ ಮನೆಗೇ ಕಳಿಸ್ತೇನೆ."

"ಮನೆಲಿ ಜಾಗ ಇಲ್ಲೆ. ಜಾಗ ಇದ್ದಿದ್ರೆ ಅಪ್ಪಯ್ಯ ದಾನ ಎಂತಕ್ಕೆ ಮಾಡ್ತಿದ್ದ?"

ಬರಿಗೈ

ತೀರ್ಥಹಳ್ಳಿ ಕಡೆಯ ಒಂದು ಶಾಲೆಗೆ ಪುಸ್ತಕ ಸಾಲುತ್ತಿಲ್ಲವೆಂದು ಕೇಳಿ, ಇದ್ದುದರಲ್ಲಿ ಚೆನ್ನಾಗಿದ್ದವನ್ನು ಕಟ್ಟಿಕೊಂಡು ಹೋದೆ. ಅಲ್ಲಿನ ಮುಖ್ಯ ಶಿಕ್ಷಕಿ ಸಂತೋಷಪಟ್ಟು ಕಾಫಿ ಕೊಟ್ಟರು. ಹೊರಡುವಾಗ ದೊಡ್ಡದೊಂದು ಕಟ್ಟು ಕೈಗಿಟ್ಟರು.

"ಬರಿಗೈಲಿ ಹೇಗೆ ಕಳಿಸೋದು? ನಿಮ್ಮ ಮಕ್ಕಳೂ ಓದ್ಲಿ."

ಬಸ್ಸಿನಲ್ಲಿ ಬಿಚ್ಚಿ ನೋಡಿದೆ. ಎಲ್ಲದರ ಮೇಲೂ ನಮ್ಮ ಶಾಲೆಯದೇ ಮೊಹರು. ನನಗಿಂತ ಹಿಂದಿನವರೂ ಪ್ರಯೋಗಶಾಲೆಗೆ ಆಸೆಪಟ್ಟಿದ್ದರು.

ರದ್ದು

ಹೆಡ್‌ಮಾಸ್ಟರು ತಪ್ಪು ಕಂಡುಹಿಡಿದರು. "ರದ್ದು ಮಾಡದೇ ಕಳಿಸಿದ್ರೆ ವಾಪಸ್ ಬರದೇ ಇನ್ನೇನು? ಮೊದಲು ಮೊಹರು ಹಾಕಿ."

ಪ್ರತಿ ಪುಸ್ತಕದ ಮೇಲೂ ಕೆಂಪು ಮಸಿಯಲ್ಲಿ 'ರದ್ದು' ಎಂದು ಒತ್ತಿ ಜಗಲಿಯಲ್ಲಿ ಪೇರಿಸಿದೆ. ಮರುದಿನ ರಾಶಿ ಕುಗ್ಗಿತ್ತು. ಅದರ ಮರುದಿನ ಇನ್ನೂ ಕುಗ್ಗಿತ್ತು. ಹತ್ತನೇ ತರಗತಿಯಲ್ಲಿ ನಾನು ಬೆಳಕಿನ ವಕ್ರೀಭವನ ಹೇಳುತ್ತಿದ್ದಾಗ ಹುಂಚದ ಕಡೆಯ ಹುಡುಗಿಯೊಬ್ಬಳು ಡೆಸ್ಕಿನ ಕೆಳಗೆ ಏನೋ ಓದುತ್ತಿದ್ದಳು.

"ಏನದು?"

"ರದ್ದಾದ ಪುಸ್ತಕ ಸರ್."

"ಅಂದ್ರೆ?"

"ಯಾರೂ ಓದ್ಬಾರ್ದು ಅಂತ ಸರ್ಕಾರದೋರು ರದ್ದು ಮಾಡಿದ್ದು. ಬಸ್ಸಲ್ಲಿ ಎಲ್ರೂ ಇದನ್ನೇ ಓದ್ತಿದಾರೆ."

ತೆಗೆದು ನೋಡಿದೆ. ಒಣಭೂಮಿ ಬೇಸಾಯ.

"ಇದ್ರಲ್ಲಿ ಅಂಥದ್ದೇನಿದೆ?"

"ಎರಡು ಸಲ ಓದಿದೆ ಸರ್, ಸಿಗ್ಲಿಲ್ಲ. ಅಂಟ್ಕೊಂಡಿರೋ ಹಾಳೇಲಿ ಇರ್ಬೇಕು."

ವಾರದಲ್ಲಿ ಜಗಲಿ ಖಾಲಿಯಾಯಿತು. ರೂಮು ಗುಡಿಸಿ ಪ್ರನಾಳಗಳನ್ನು ಸಾಲಾಗಿ ಜೋಡಿಸಿದೆ. ಅಷ್ಟರಲ್ಲಿ ತಪಾಸಣೆಗೆ ಅಧಿಕಾರಿಯೊಬ್ಬರು ಬಂದರು. ಮೆಟ್ಟಿಲ ಮೇಲೆ, ಮರದ ಕೆಳಗೆ, ನಲ್ಲಿಯ ಹತ್ತಿರ, ಎಲ್ಲೆಲ್ಲೂ ಮಕ್ಕಳು ಓದುತ್ತಿದ್ದರು. ಅಧಿಕಾರಿ ಮನ ಕರಗಿ ನಿಂತರು.

"ಇಂಥ ಮಕ್ಕಳಿಗೆ ಲೈಬ್ರರಿ ಇಲ್ಲ ಅಂದ್ರೆ ಹೇಗ್ರೀ?"

ಹೆಡ್‌ಮಾಸ್ಟರು ಕೂಡಲೇ ನನ್ನ ರೂಮು ತೋರಿಸಿದರು.

ಈಗ ಪ್ರನಾಳಗಳು ಮತ್ತೆ ಊಟದ ಡಬ್ಬಿಯ ಪಕ್ಕದಲ್ಲಿವೆ. ರೂಮಿನ ತುಂಬ ಹೊಚ್ಚ ಹೊಸ ಪುಸ್ತಕಗಳು. ಒಬ್ಬರೂ ಮುಟ್ಟುತ್ತಿಲ್ಲ. ಮೊನ್ನೆ ಆ ಹುಡುಗಿ ಮಾತ್ರ ಬಾಗಿಲಲ್ಲಿ ಇಣುಕಿದಳು.

"ಸರ್, ಇವನ್ನ ಯಾವಾಗ ರದ್ದು ಮಾಡ್ತೀರಾ? ಮಸಿ ಖಾಲಿಯಾಗಿದ್ರೆ ನಾವು ತರ್ತೀವಿ."